ಹುಲಿಯ ಹೊಟ್ಟೆಯೊಳಗಿನ ವಾದ್ಯ

ಊರಿನಿಂದ ನೆಂಟರು ಬಂದರೆ ಕೂಕಟ್‌ಪಲ್ಲಿಯ ನಾವು ಅವರನ್ನು ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯದೆ ಇರುವುದಿಲ್ಲ. ಅಲ್ಲಿನ ಗಡಿಯಾರದೊಳಗಿಂದ ಗಡ್ಡದ ಗೊಂಬೆಯೊಂದು ಗಂಟೆಗೊಮ್ಮೆ ಹೊರಬಂದು ಗಂಟೆ ಬಾರಿಸುವುದನ್ನು ನೋಡಲು ಹಿರಿಯರು ಕಿರಿಯರೆನ್ನದೆ ಎಲ್ಲರೂ ಕಾದಿರುತ್ತಾರೆ. ಇದಕ್ಕಿಂತಲೂ ವಿಚಿತ್ರವಾದ ಯಂತ್ರವೊಂದು ನಮ್ಮ ಶ್ರೀರಂಗಪಟ್ಟಣದಲ್ಲೇ ಇದ್ದಿತೆಂದು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೆ?

ಅದೇ ಟಿಪ್ಪು ಸುಲ್ತಾನನ ಮರದ ಹುಲಿ. ಸುಮಾರು 1793ರಲ್ಲಿ ತಯಾರಾದದ್ದು. ಉದ್ದ 6 ಅಡಿಗೆ ತುಸು ಕಡಿಮೆ. ನೆಲಕ್ಕೆ ಬಿದ್ದ ಐರೋಪ್ಯನೊಬ್ಬನ ಮೇಲೆ ಹುಲಿ ಎರಗಿ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೊತ್ತುವುವು. ಹುಲಿ ಗುರುಗುಟ್ಟುವುದು, ಮನುಷ್ಯ ನರಳುವನು, ಅವನ ಎಡಗೈ ಮೇಲಕ್ಕೂ ಕೆಳಕ್ಕೂ ಆಡುವುದು. ಇಷ್ಟೇ ಅಲ್ಲ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ಒಳಗೆ 18 ಗುಂಡಿಗಳ ವಾದ್ಯ! ಹಾರ್ಮೋನಿಯಂ ಬಲ್ಲವರಿಗೆ ತಿದಿಯ ಕೆಲಸವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ನಾದ ಹೊರಡುವುದು ಕೊಳವೆಗಳಿಂದ ಎಂಬುದಷ್ಟೇ ಭೇದ.

ಇದನ್ನು ಕಟ್ಟಿದವರು ಯಾರು? ಕೆತ್ತನೆಯೂ ಬಣ್ಣವೂ ನಮ್ಮವರ ಕೈಗೆಲಸ. ಯಂತ್ರಭಾಗದಲ್ಲಿ ಫ್ರೆಂಚರ ಕೈಯೂ ಇದ್ದಿರಬಹುದೆಂದು ವಿದ್ವಾಂಸರ ಊಹೆ. 1788ರಲ್ಲಿ ಪ್ಯಾರಿಸ್ಸಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಅಲ್ಲಿಯ ಕುಶಲಕರ್ಮಿಗಳನ್ನು ಕೇಳಿಕೊಂಡಿದ್ದುಂಟು. ಆದರೆ ಉಳಿ ಹಿಡಿದವನ ಹೆಸರಾಗಲಿ, ಕೊಳವೆ ಜೋಡಿಸಿದವನ ಹೆಸರಾಗಲಿ ಉಳಿದು ಬರಲಿಲ್ಲ. ಉಳಿದದ್ದು ಆಡಿಸಿ ತೋರಿಸಿದ ದೊರೆಯ ಹೆಸರು.

ತೋರಿಸುವವರು ಬದಲಾದರೆ ಆಟದ ಅರ್ಥವೂ ಬದಲಾಗುತ್ತದೆ. 1799ರ ಮೇ 4ರಂದು ಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ, ಅರಮನೆಯಲ್ಲಿ ವಾದ್ಯಗಳನ್ನಿಟ್ಟಿದ್ದ ಕೋಣೆಯಲ್ಲಿ ಈ ಹುಲಿ ಇಂಗ್ಲಿಷರ ಕೈಗೆ ಸಿಕ್ಕಿತು. 1808ರಿಂದ ಅದು ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕೆ ನಿಂತಿತು. ಬಂದಬಂದವರೆಲ್ಲ ಹಿಡಿಕೆ ತಿರುಗಿಸಿ ಹುಲಿಯನ್ನು ಕೂಗಿಸುತ್ತಿದ್ದುದರಿಂದ, ಅಲ್ಲಿಯ ಪುಸ್ತಕಶಾಲೆಯಲ್ಲಿ ಓದುತ್ತಿದ್ದವರಿಗೆ ತಲೆಚಿಟ್ಟು ಹಿಡಿಯುತ್ತಿತ್ತಂತೆ! ಶ್ರೀರಂಗಪಟ್ಟಣದಲ್ಲಿ ಆ ಕೂಗು ಇಂಗ್ಲಿಷರ ಸೋಲನ್ನು ಸಾರುತ್ತಿದ್ದರೆ, ಲಂಡನ್ನಿನಲ್ಲಿ ಅದೇ ಕೂಗು ಟಿಪ್ಪುವಿನ ಸೋಲನ್ನು ಸಾರಿತು. ಹುಲಿಯೂ ಅದೇ, ಹಿಡಿಕೆಯೂ ಅದೇ. ತಿರುಗಿಸುವ ಕೈ ಮಾತ್ರ ಬೇರೆ.

1880ರಲ್ಲಿ ಹುಲಿ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ಬಾಂಬು ದಾಳಿಯಿಂದ ಜಖಂ ಆಯಿತು. ಆಮೇಲೆ ಚೂರುಗಳನ್ನು ಕೂಡಿಸಿ ನಿಲ್ಲಿಸಿದರು. ಮರ ಹಳತಾದುದರಿಂದ ಈಗ ಬಂದವರೆಲ್ಲ ಹಿಡಿಕೆ ಮುಟ್ಟುವಂತಿಲ್ಲ.

ಗೆದ್ದವರು ಸೋತವರ ಕಥೆಯನ್ನು ಇತಿಹಾಸ ಬರೆದಿಟ್ಟಿದೆ. ಮರಕ್ಕೆ ಉಸಿರು ಕೊಟ್ಟು ಹಾಡಿಸಿದವರ ಕಥೆ ಮಾತ್ರ ಬರೆಯದೆ ಉಳಿಯಿತು. ಮಕ್ಕಳಿಗೆ ಈ ಹುಲಿಯ ಚಿತ್ರವನ್ನು ತೋರಿಸುವಾಗ “ಇದು ಯಾರದು?” ಎಂದು ಕೇಳಿ ಸುಮ್ಮನಾಗದೆ, “ಇದನ್ನು ಮಾಡಿದವರು ಯಾರಿರಬಹುದು?” ಎಂದೂ ಕೇಳೋಣ. ಹೆಸರಿಲ್ಲದ ಆ ಕೈಗಳಿಗೆ ನಾವು ಸಲ್ಲಿಸಬಹುದಾದ ಗೌರವ ಅಷ್ಟೆ.