ಧರ್ಮ ಯಾವುದೆಂದು ತೆರಿಗೆ ಇಲಾಖೆಯನ್ನು ಕೇಳಿ

ಜೇಬಿನಿಂದ ಪರ್ಸು ಎಗರಿಸಿದ ಕಳ್ಳನೂ ನಮಗೊಂದು ಪಾಠ ಕಲಿಸುತ್ತಾನೆ. ಪ್ರವಾಸ ಹೋದರೆ ತಿಳಿವಳಿಕೆ ಹೆಚ್ಚುತ್ತದೆ, ಮೃಗಾಲಯ ನೋಡಿದರೂ ಹೆಚ್ಚುತ್ತದೆ, ನೈಟ್ ಕ್ಲಬ್ಬಿಗೆ ಹೋದರೆ ಬದುಕಿನ ಇನ್ನೊಂದಿಷ್ಟು ಗುಟ್ಟು ಗೊತ್ತಾಗುತ್ತದೆ. ಹಾಗೆಂದು ಇದನ್ನೆಲ್ಲ ಶಿಕ್ಷಣ ಎನ್ನಲಾದೀತೆ? ಬದುಕೆಂಬ ದೊಡ್ಡ ಶಾಲೆಯಲ್ಲಿ ಇವೂ ಪಾಠಗಳೇ ಇರಬಹುದು, ಆದಾಯ ತೆರಿಗೆ ಕಾಯ್ದೆ ಹೇಳುವ ಶಿಕ್ಷಣ ಮಾತ್ರ ಇದಲ್ಲ. ಈ ಅರ್ಥದ ಮಾತುಗಳನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಬರೆದದ್ದು 1975ರ ಆಗಸ್ಟ್‌ನಲ್ಲಿ. ತೀರ್ಪು ಕೇಳಲು ಎದುರಿಗಿದ್ದದ್ದು ‘ಸಂಯುಕ್ತ ಕರ್ನಾಟಕ’ ಮತ್ತು ‘ಕಸ್ತೂರಿ’ಯನ್ನು ಮನೆಮನೆಗೆ ಮುಟ್ಟಿಸಿದ ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟ್.

ತೆರಿಗೆ ವಕೀಲರು ಮತ್ತು ಲೆಕ್ಕ ಪರಿಶೋಧಕರು ಇವತ್ತಿಗೂ ‘ಲೋಕ ಶಿಕ್ಷಣ’ ಎಂದರೆ ಈ ತೀರ್ಪು ಎಂದೇ ತಿಳಿಯುತ್ತಾರೆ. ಕನ್ನಡ ಓದುಗರಲ್ಲಿ ಬಹುಮಂದಿಗೆ ಇದು ಗೊತ್ತಿಲ್ಲ. ಊರಿನ ವಾಚನಾಲಯ, ವಿದ್ಯಾರ್ಥಿ ನಿಲಯ, ಅನ್ನದಾನ ಸಮಿತಿ ಇವುಗಳ ಟ್ರಸ್ಟಿಗಳು ಇಂದು ವರ್ಷವಿಡೀ ಪೋರ್ಟಲ್, ಫಾರಂ, ಕೊನೆಯ ದಿನಾಂಕಗಳ ಹಿಂದೆ ಓಡುತ್ತಿದ್ದಾರಲ್ಲ, ಅದು ಹೇಗೆ ಶುರುವಾಯಿತು ಎಂದು ಹುಡುಕುತ್ತ ಹೋದರೆ ಈ ಹುಬ್ಬಳ್ಳಿಯ ಮೊಕದ್ದಮೆಯನ್ನು ದಾಟಿಯೇ ಹೋಗಬೇಕು.

ಟ್ರಸ್ಟ್ ಹುಟ್ಟಿದ್ದು 1935ರಲ್ಲಿ. ಸ್ವಾತಂತ್ರ್ಯ ಹೋರಾಟಗಾರ ಆರ್.ಆರ್. ದಿವಾಕರರಂಥವರು ಅದರ ಬೆನ್ನಿಗಿದ್ದರು. ಭಾರತದ ಜನರಿಗೆ, ಅದರಲ್ಲೂ ಕನ್ನಡ ನಾಡಿನವರಿಗೆ ಶಿಕ್ಷಣ ಕೊಡುವುದು ಟ್ರಸ್ಟ್ ಪತ್ರದಲ್ಲಿ ಬರೆದ ಉದ್ದೇಶ. ಅದಕ್ಕಾಗಿ ವಾಚನಾಲಯ, ಗ್ರಂಥಾಲಯ ತೆರೆಯಬೇಕು, ಮುದ್ರಣಾಲಯ ಇಟ್ಟುಕೊಳ್ಳಬೇಕು, ಪುಸ್ತಕ ಪತ್ರಿಕೆ ಹೊರತರಬೇಕು, ವಿದ್ಯಾವಂತ ಸಾರ್ವಜನಿಕ ಅಭಿಪ್ರಾಯಕ್ಕೆ ಒಂದು ಮುಖವಾಣಿ ಒದಗಿಸಬೇಕು. ಟ್ರಸ್ಟಿನ ಕೈಯಲ್ಲಿದ್ದ ಇಂಥದೇ ಪತ್ರಿಕೆಯೊಂದು ಲಾಹೋರಿನಲ್ಲೂ ಇತ್ತು. ಅಲ್ಲಿ 1881ರಲ್ಲಿ ‘ಟ್ರಿಬ್ಯೂನ್’ ಪತ್ರಿಕೆ ಆರಂಭಿಸಿದ ಸರ್ದಾರ್ ದಯಾಲ್ ಸಿಂಗ್ ಮಜೀಠಿಯಾ ತಮ್ಮ ಉಯಿಲಿನಲ್ಲಿ ಪತ್ರಿಕೆಯನ್ನು ಟ್ರಸ್ಟಿಗಳ ಕೈಗೊಪ್ಪಿಸಿದ್ದರು.

‘ಟ್ರಿಬ್ಯೂನ್’ಗೆ ತೆರಿಗೆ ಹಾಕಬೇಕೇ ಬೇಡವೇ ಎಂಬ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿತ್ತು. ಆಗ ಜಾರಿಯಲ್ಲಿದ್ದ 1922ರ ಕಾಯ್ದೆಯ ಪ್ರಕಾರ ಬಡವರ ಪರಿಹಾರ, ಶಿಕ್ಷಣ, ವೈದ್ಯಕೀಯ ನೆರವು, ಇವಲ್ಲದೆ ಸಾರ್ವಜನಿಕ ಹಿತದ ಇತರ ಯಾವುದೇ ಉದ್ದೇಶ, ಇಷ್ಟೂ ಧರ್ಮಕಾರ್ಯವೇ. ಪತ್ರಿಕೆ ನಡೆಸುವುದು ಶಿಕ್ಷಣ ಅಲ್ಲದಿದ್ದರೂ ಸಾರ್ವಜನಿಕ ಹಿತದ ಕೆಲಸ ಎಂದು ಪ್ರಿವಿ ಕೌನ್ಸಿಲ್ 1939ರಲ್ಲಿ ಒಪ್ಪಿತು. ಜಾಹೀರಾತಿನಿಂದ ಲಾಭ ಬಂದರೂ ಅದೇನೂ ಅಡ್ಡಿಯಾಗಲಿಲ್ಲ. ಹುಬ್ಬಳ್ಳಿಯವರಿಗೂ ಅದೇ ನೆರಳು ಸಾಕಿತ್ತು.

1961ರಲ್ಲಿ ಹೊಸ ಕಾಯ್ದೆ ಬಂತು. ವ್ಯಾಪಾರಿ ಮನೆತನಗಳು ಧರ್ಮದ ಹೆಸರಿನ ಟ್ರಸ್ಟ್ ಮಾಡಿ ಅದರೊಳಗೆ ವ್ಯಾಪಾರ ನಡೆಸಿ ತೆರಿಗೆ ತಪ್ಪಿಸುತ್ತಿವೆ ಎಂಬುದು ಆ ಕಾಲದ ದೂರು. ಅದನ್ನು ತಡೆಯಲು ನಾಲ್ಕನೆಯ ಬಾಬಿನ ಬಾಲಕ್ಕೆ ಇಂಗ್ಲಿಷಿನ ಹತ್ತು ಪದ ಜೋಡಿಸಿದರು: ಸಾರ್ವಜನಿಕ ಹಿತದ ಇತರ ಉದ್ದೇಶವೇನೋ ಸರಿ, ಅದರಲ್ಲಿ ಲಾಭಕ್ಕಾಗಿ ನಡೆಸುವ ಚಟುವಟಿಕೆ ಇರಕೂಡದು. ಬಡವರು, ಶಿಕ್ಷಣ, ವೈದ್ಯಕೀಯ ಈ ಮೂರಕ್ಕೆ ಆ ಷರತ್ತಿಲ್ಲ. ಹುಬ್ಬಳ್ಳಿಯ ಟ್ರಸ್ಟ್ ಪತ್ರದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಮುದ್ರಣಾಲಯದಲ್ಲಿ ಅದೇ ಯಂತ್ರ, ಅದೇ ಪತ್ರಿಕೆ. ಆದರೂ ಧರ್ಮಸಂಸ್ಥೆಯೆಂಬ ಅದರ ಸ್ಥಾನ ಅಲುಗಾಡಿತು. ಮೈಸೂರು ಹೈಕೋರ್ಟು ಟ್ರಸ್ಟಿನ ವಿರುದ್ಧ ತೀರ್ಪು ಕೊಟ್ಟಿತು. ನಮ್ಮದು ಶಿಕ್ಷಣವೇ, ಹೆಸರಿನಲ್ಲೇ ಇದೆಯಲ್ಲ ಎಂದು ಟ್ರಸ್ಟ್ ದೆಹಲಿಗೆ ಹೋಯಿತು.

ಶಿಕ್ಷಣವೆಂದರೆ ಎಳೆಯರನ್ನು ಮುಂದಿನ ಬದುಕಿಗೆ ಅಣಿಗೊಳಿಸುವ ಕ್ರಮಬದ್ಧ ಪಾಠ, ತರಬೇತಿ ಎಂದು ಖನ್ನಾ ಗೆರೆ ಎಳೆದದ್ದು ಆಗ. ಪತ್ರಿಕೆ ಓದಿದರೆ ಜ್ಞಾನ ಬರುತ್ತದೆ ಎಂಬ ಕಾರಣಕ್ಕೆ ಪತ್ರಿಕೆ ಶಾಲೆಯಾಗುವುದಿಲ್ಲ. ನಾಲ್ಕನೆಯ ಬಾಬಿಗೆ ಬರೋಣವೆಂದರೆ ಅಲ್ಲಿ ಲಾಭದ ಷರತ್ತು ಕಾದಿತ್ತು. ಟ್ರಸ್ಟ್ ಸೋತಿತು. ತುರ್ತು ಪರಿಸ್ಥಿತಿ ಹೇರಿ ಆಗಿನ್ನೂ ಎರಡು ತಿಂಗಳು. ಪೀಠದಲ್ಲಿ ಖನ್ನಾ ಪಕ್ಕದಲ್ಲಿದ್ದ ಎಂ.ಎಚ್. ಬೇಗ್ ಪ್ರತ್ಯೇಕವಾಗಿ ಬರೆದರೂ ಅದೇ ತೀರ್ಮಾನಕ್ಕೆ ಬಂದರು. ಮರು ವರ್ಷ ಜೀವಿಸುವ ಹಕ್ಕಿನ ಮೊಕದ್ದಮೆಯಲ್ಲಿ ಖನ್ನಾ ಒಬ್ಬರೇ ಭಿನ್ನಮತ ಬರೆದರು. 1977ರ ಜನವರಿಯಲ್ಲಿ ಅವರನ್ನು ಹಿಂದಿಕ್ಕಿ ಮುಖ್ಯ ನ್ಯಾಯಮೂರ್ತಿ ಆದವರು ಇದೇ ಬೇಗ್. ಟ್ರಸ್ಟಿನ ತೆರಿಗೆಗೂ ಅದಕ್ಕೂ ಸಂಬಂಧವಿಲ್ಲ ನಿಜ. ಆದರೂ ನೈಟ್ ಕ್ಲಬ್ಬಿನ ಉದಾಹರಣೆ ಬರೆದ ಕೈಯೇ ಆ ಭಿನ್ನಮತವನ್ನೂ ಬರೆದದ್ದು ಎಂದು ನೆನೆದರೆ ಖನ್ನಾ ಇನ್ನಷ್ಟು ಹತ್ತಿರದವರಾಗುತ್ತಾರೆ.

ಆ ಹತ್ತು ಪದಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. 1979ರಲ್ಲಿ ಸೂರತ್ತಿನ ಕೃತಕ ರೇಷ್ಮೆ ಬಟ್ಟೆ ತಯಾರಕರ ಸಂಘದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬೇರೆಯೇ ಹೇಳಿತು: ಮುಖ್ಯ ಉದ್ದೇಶ ಧರ್ಮವಾಗಿದ್ದರೆ ಸಾಕು, ದಾರಿಯಲ್ಲಿ ಲಾಭ ಬಂದರೆ ತೊಂದರೆಯಿಲ್ಲ. 1983ರ ಹಣಕಾಸು ಕಾಯ್ದೆ ಆ ಹತ್ತು ಪದಗಳನ್ನೇ ಕಿತ್ತುಹಾಕಿ, ಟ್ರಸ್ಟ್‌ಗಳ ವ್ಯಾಪಾರದ ಆದಾಯಕ್ಕೆ ಬೇರೆ ಕಡೆಯಿಂದ ಬೇಲಿ ಹಾಕಿತು. 1992ರಿಂದ ಆ ಬೇಲಿಯೂ ಸಡಿಲವಾಯಿತು. 2008ರಲ್ಲಿ ಷರತ್ತು ಬೇರೆ ವೇಷದಲ್ಲಿ ವಾಪಸು ಬಂತು. ಸಾರ್ವಜನಿಕ ಹಿತದ ಹೆಸರಿನಲ್ಲಿ ವ್ಯಾಪಾರ, ವಾಣಿಜ್ಯ ನಡೆಸಿದರೆ, ಅದಕ್ಕೆ ಶುಲ್ಕ ಪಡೆದರೆ, ಅದು ಧರ್ಮವಲ್ಲ ಎಂದರು. ಕೂಗೆದ್ದಿತು. ಹತ್ತು ಲಕ್ಷ ರೂಪಾಯಿವರೆಗೆ ಪರವಾಗಿಲ್ಲ ಎಂದರು. ಆಮೇಲೆ ಇಪ್ಪತ್ತೈದು ಲಕ್ಷ ಮಾಡಿದರು. 2015ರಲ್ಲಿ ಮೊತ್ತದ ಮಿತಿಯನ್ನೇ ಬಿಟ್ಟು, ಒಟ್ಟು ಸ್ವೀಕೃತಿಯ ಶೇ 20 ಎಂದರು.

ಒಂದು ಲೆಕ್ಕ ಹಾಕಿ ನೋಡಿ. ಯಾವುದೋ ಊರಿನ ಟ್ರಸ್ಟ್ ಒಂದು ಮಾಸಪತ್ರಿಕೆ ನಡೆಸುತ್ತಿದೆ ಎಂದುಕೊಳ್ಳೋಣ. ವರ್ಷದ ಒಟ್ಟು ಸ್ವೀಕೃತಿ ಒಂದು ಕೋಟಿ, ಅದರಲ್ಲಿ ಜಾಹೀರಾತಿನಿಂದ 22 ಲಕ್ಷ, ವರ್ಷ ವರ್ಷವೂ ಅಷ್ಟೇ. 2009–10ರಲ್ಲಿ ಮಿತಿ ಹತ್ತು ಲಕ್ಷ, ಹಾಗಾಗಿ ಆ ವರ್ಷ ಅದು ಧರ್ಮಸಂಸ್ಥೆ ಅಲ್ಲ. 2011–12ರಲ್ಲಿ ಮಿತಿ ಇಪ್ಪತ್ತೈದು ಲಕ್ಷ, ಈಗ ಧರ್ಮಸಂಸ್ಥೆ. 2015–16ರಲ್ಲಿ ಒಂದು ಕೋಟಿಯ ಶೇ 20 ಅಂದರೆ ಇಪ್ಪತ್ತು ಲಕ್ಷ, ಮತ್ತೆ ಅಲ್ಲ. ಸಂಪಾದಕರು ಅವರೇ, ಚಂದಾದಾರರೂ ಅವರೇ. ಪ್ರತಿ ಫೆಬ್ರುವರಿಯ ಬಜೆಟ್ಟಿನ ಜೊತೆ ಬರುವ ಹಣಕಾಸು ಮಸೂದೆಯ ಕೊನೆಯ ಪುಟಗಳನ್ನು ಯಾರಾದರೂ ಓದಿ ಸಭೆಗೆ ಹೇಳದಿದ್ದರೆ ಟ್ರಸ್ಟಿಗಳಿಗೆ ಇದು ತಿಳಿಯುವುದು ನೋಟಿಸ್ ಬಂದಾಗಲೇ.

ಓದಿ ಹೇಳುವವರು ಯಾರು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಸರಿಯಾದ ಉತ್ತರವಿಲ್ಲ. ಇಂಗ್ಲೆಂಡಿನಲ್ಲಿ 1853ರಿಂದಲೇ ಚಾರಿಟಿ ಕಮಿಷನ್ ಇದೆ, ಟ್ರಸ್ಟಿಯ ಕರ್ತವ್ಯಗಳೇನು ಎಂದು ಅದು ಸರಳ ಭಾಷೆಯಲ್ಲಿ ಕೈಪಿಡಿ ಬರೆಯುತ್ತದೆ. ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಿಂದ ಬಂದ ಧರ್ಮಾದಾಯ ಆಯುಕ್ತರಿದ್ದಾರೆ. ನಮ್ಮಲ್ಲಿ ದೇವಸ್ಥಾನಗಳಿಗೆ ಮುಜರಾಯಿ ಇಲಾಖೆ ಇದೆ, ಸಂಘಗಳಿಗೆ 1960ರ ಕಾಯ್ದೆಯ ನೋಂದಣಾಧಿಕಾರಿ ಇದ್ದಾರೆ. ಟ್ರಸ್ಟ್ ಆದರೆ ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಣಿ ಮಾಡಿಸಿ ಹೊರಬಂದರೆ, ಆಮೇಲೆ ಕರೆದು ವಿಚಾರಿಸುವ ಪ್ರತ್ಯೇಕ ಇಲಾಖೆ ಇಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇದೆಯಲ್ಲ ಎಂದರೆ, ಅದು ಖಾಸಗಿ ಟ್ರಸ್ಟ್‌ಗಳಿಗೆ ಮಾಡಿದ್ದು. ಖಾಲಿ ಬಿದ್ದಿದ್ದ ಆ ಜಾಗಕ್ಕೆ ಆದಾಯ ತೆರಿಗೆ ಇಲಾಖೆ ಬಂದು ಕುಳಿತದ್ದು ಸಹಜವೇ. ತೆರಿಗೆ ವಸೂಲಿಗೆ ಇರುವವರು ಧರ್ಮದ ಕಾವಲಿಗೂ ನಿಂತರೆ ಅವರ ಕಣ್ಣಿಗೆ ಬೀಳುವುದು ತಪ್ಪಿಸಿಕೊಂಡ ತೆರಿಗೆಯೇ ಹೊರತು ನಡೆದ ಕೆಲಸವಲ್ಲ ಎಂದು ನನಗನಿಸುತ್ತದೆ.

ಇಲಾಖೆಯ ಹಿಡಿತ ಬಿಗಿಯಾದದ್ದು ನೋಂದಣಿಯ ಮೂಲಕ. 1973ರಲ್ಲಿ 12ಎ ಸೆಕ್ಷನ್ ಬಂದಾಗ ಒಂದು ಸಲ ನೋಂದಣಿ ಮಾಡಿಸಿದರೆ ಆಯಿತು, ಪತ್ರವನ್ನು ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ನೇತುಹಾಕಿದರೆ ಮತ್ತೆ ಅದರತ್ತ ನೋಡುವ ಅಗತ್ಯವಿರಲಿಲ್ಲ. ಎಷ್ಟೋ ಹಳೆಯ ವಿದ್ಯಾಸಂಸ್ಥೆಗಳಲ್ಲಿ ಆ ಮಾಸಿದ ಹಾಳೆ ಇವತ್ತೂ ಸಂಸ್ಥಾಪಕರ ಫೋಟೋ ಪಕ್ಕದಲ್ಲಿ ಕಾಣುತ್ತದೆ. 2020ರ ಬಜೆಟ್ ಆ ಹಾಳೆಯ ಬೆಲೆ ಕಳೆಯಿತು. ಆಗಲೇ ನೋಂದಣಿ ಇದ್ದವರೆಲ್ಲರೂ ಫಾರಂ 10ಎ ತುಂಬಿ ಹೊಸದಾಗಿ ನೋಂದಣಿ ಪಡೆಯಬೇಕಾಯಿತು, ಅದೂ ಐದು ವರ್ಷಕ್ಕೆ ಮಾತ್ರ. ಜೂನ್‌ನಲ್ಲಿ ಶುರು ಎಂದಿದ್ದರು. ಕೋವಿಡ್ ಬಂದು ಅಕ್ಟೋಬರ್ ಆಯಿತು, ಕೊನೆಗೆ ಜಾರಿಯಾದದ್ದು 2021ರ ಏಪ್ರಿಲ್ 1ರಿಂದ.

ಕೊನೆಯ ದಿನಾಂಕದ್ದು ಇನ್ನೊಂದು ಪುರಾಣ. 2021ರ ಜೂನ್ 30 ಎಂದದ್ದು ಆಗಸ್ಟ್ 31 ಆಯಿತು, ಅದು 2022ರ ಮಾರ್ಚ್ 31ಕ್ಕೆ ಹೋಯಿತು, ನವೆಂಬರ್ 25ಕ್ಕೆ, ಆಮೇಲೆ 2023ರ ಸೆಪ್ಟೆಂಬರ್ 30ಕ್ಕೆ, ಕಟ್ಟಕಡೆಗೆ 2024ರ ಜೂನ್ 30ಕ್ಕೆ ಬಂದು ನಿಂತಿತು. ಪ್ರತಿ ಸಲವೂ ಸುತ್ತೋಲೆ ಬಂದದ್ದು ದೆಹಲಿಯ ನೇರ ತೆರಿಗೆ ಮಂಡಳಿಯಿಂದ, ಇಂಗ್ಲಿಷಿನಲ್ಲಿ. ಇಷ್ಟು ಸಲ ಮುಂದೂಡಬೇಕಾಯಿತೆಂದರೆ ಸುದ್ದಿ ತಲುಪಬೇಕಾದವರಿಗೆ ತಲುಪುತ್ತಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತೆ. ಈ ನಡುವೆ, 2023ರಲ್ಲಿ, ಇನ್ನೊಂದು ಕತ್ತಿಯೂ ತೂಗಿತು. ವೇಳೆಗೆ ಅರ್ಜಿ ಹಾಕದ ಟ್ರಸ್ಟ್ ಧರ್ಮಸಂಸ್ಥೆಯಾಗಿ ಉಳಿಯಲಿಲ್ಲ ಎಂದೇ ಭಾವಿಸಿ, ಅದರ ಆಸ್ತಿಯ ಮಾರುಕಟ್ಟೆ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದಕ್ಕೆ ಗರಿಷ್ಠ ದರದಲ್ಲಿ ತೆರಿಗೆ ಹಾಕಬಹುದು. ದಾನಿಗಳ ಹೆಸರು ಕೆತ್ತಿದ ಕಟ್ಟಡ, ಯಾರೋ ಬರೆದುಕೊಟ್ಟ ಎರಡೆಕರೆ ಜಮೀನು, ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಸಕಾರಣವಿದ್ದರೆ ವಿಳಂಬ ಮನ್ನಿಸುವ ಅಧಿಕಾರ ಆಯುಕ್ತರಿಗೆ ಸಿಕ್ಕಿದ್ದು 2024ರ ಅಕ್ಟೋಬರ್‌ನಿಂದ.

ದಾನ ಪಡೆಯುವುದೂ ಮೊದಲಿನಂತಿಲ್ಲ. ತೆರಿಗೆ ರಿಯಾಯಿತಿ ಬೇಕೆಂದರೆ ದಾನಿ ನಗದಾಗಿ ಎರಡು ಸಾವಿರಕ್ಕಿಂತ ಹೆಚ್ಚು ಕೊಡುವಂತಿಲ್ಲ. ಒಬ್ಬೊಬ್ಬ ದಾನಿಯ ಹೆಸರು, ಪ್ಯಾನ್ ಇಲ್ಲವೇ ಆಧಾರ್, ಮೊತ್ತ ಬರೆದ ಪಟ್ಟಿಯನ್ನು ಮೇ 31ರೊಳಗೆ ಸಲ್ಲಿಸಬೇಕು, ತಡವಾದರೆ ದಿನಕ್ಕೆ ಇನ್ನೂರು ರೂಪಾಯಿ. ವಿದೇಶದ ಹಣ ಪಡೆಯುವವರ ಪಾಡು ಬೇರೆ. ತುರ್ತು ಪರಿಸ್ಥಿತಿಯ ಕಾಲದ 1976ರ ವಿದೇಶಿ ದೇಣಿಗೆ ಕಾಯ್ದೆ 2010ರಲ್ಲಿ ಹೊಸ ರೂಪ ತಾಳಿ, 2020ರ ಸೆಪ್ಟೆಂಬರ್ ತಿದ್ದುಪಡಿಯಲ್ಲಿ ಇನ್ನೂ ಬಿಗಿಯಾಯಿತು. ಮೈಸೂರಿನ ಸಂಸ್ಥೆಯಾದರೂ ವಿದೇಶಿ ದೇಣಿಗೆ ಮೊದಲು ಬಂದು ಬೀಳುವುದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೆ. ಆಡಳಿತ ವೆಚ್ಚದ ಮಿತಿ ಶೇ 50 ಇದ್ದದ್ದು ಶೇ 20ಕ್ಕೆ ಇಳಿದಿದೆ.

ಸಣ್ಣ ಊರಿನ ಟ್ರಸ್ಟ್ ಸಭೆಗಳಲ್ಲಿ ಈ ವಿಷಯಗಳು ಬರುವ ರೀತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹಿಂದಿನ ಸಭೆಯ ನಡಾವಳಿ ಓದಿ ಮಂಜೂರು ಮಾಡುತ್ತಾರೆ, ಜಮಾಖರ್ಚು ಒಪ್ಪುತ್ತಾರೆ, ವಾರ್ಷಿಕೋತ್ಸವಕ್ಕೆ ಅತಿಥಿ ಯಾರು ಎಂಬುದಕ್ಕೆ ಮುಕ್ಕಾಲು ಗಂಟೆ. ಕೊನೆಗೆ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು’ ಎಂಬಲ್ಲಿ ಕಾರ್ಯದರ್ಶಿ ಎದ್ದು, ಸಿ.ಎ. ಸಾಹೇಬರು ಏನೋ ಹೊಸ ಫಾರಂ ತುಂಬಬೇಕೆಂದಿದ್ದಾರೆ ಎನ್ನುತ್ತಾರೆ. ಅಷ್ಟರಲ್ಲಿ ಉಪ್ಪಿಟ್ಟು ಬಂದಿರುತ್ತದೆ. ಪೋರ್ಟಲ್ಲಿನ ಒಟಿಪಿ ಹೋಗುವ ಮೊಬೈಲ್ ಸಂಖ್ಯೆ ಯಾರದ್ದು, ಅವರು ಈಗಲೂ ಟ್ರಸ್ಟಿಯೇ ಎಂದು ಆ ಕೋಣೆಯಲ್ಲಿ ಕೇಳಿ ನೋಡಿ. ಸಹಿ ಮಾಡಿದವರೆಲ್ಲರೂ ಹೊಣೆಗಾರರು, ತಿಳಿದವರು ಒಬ್ಬರು, ಆ ಒಬ್ಬರೂ ಟ್ರಸ್ಟಿಯಲ್ಲ. ಕೆಲವು ಸಂಸ್ಥೆಗಳು ಈಗ ಕಾನೂನಿನ ಬದಲಾವಣೆಗಳನ್ನು ಮೊದಲ ವಿಷಯವಾಗಿ ಇಟ್ಟು, ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆಸಿ, ಓದಿದ್ದೇವೆಂದು ಎಲ್ಲರಿಂದ ಸಹಿ ಹಾಕಿಸುತ್ತಿವೆ. ದೊಡ್ಡ ಉಪಾಯವೇನಲ್ಲ, ಆದರೆ ಹೀಗೆ ಮಾಡುವವರು ಕಡಿಮೆ.

2022ರ ಅಕ್ಟೋಬರ್ 19ರಂದು ಸುಪ್ರೀಂ ಕೋರ್ಟು ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಒಂದು, ಶಿಕ್ಷಣ ಸಂಸ್ಥೆಯೆಂದರೆ ಶಿಕ್ಷಣವೊಂದನ್ನೇ ನಡೆಸಬೇಕು ಎಂದಿತು. ಶಿಕ್ಷಣ ಯಾವುದು ಎಂಬುದಕ್ಕೆ ಅದು ಆಧಾರ ಮಾಡಿಕೊಂಡದ್ದು ಹುಬ್ಬಳ್ಳಿಯ ಮೊಕದ್ದಮೆಯನ್ನು. ಇನ್ನೊಂದು, ಸಾರ್ವಜನಿಕ ಹಿತದ ಸಂಸ್ಥೆಗಳ ವ್ಯಾಪಾರಕ್ಕೆ ಶೇ 20ರ ಮಿತಿಯನ್ನು ಎತ್ತಿಹಿಡಿಯಿತು. ಆ ಎರಡನೆಯ ತೀರ್ಪಿನ ಕಕ್ಷಿದಾರರಲ್ಲಿ ಈಗ ಚಂಡೀಗಢದಲ್ಲಿರುವ ಟ್ರಿಬ್ಯೂನ್ ಟ್ರಸ್ಟ್ ಕೂಡ ಇತ್ತು. ಪತ್ರಿಕೆಯ ಜಾಹೀರಾತು ವ್ಯಾಪಾರವೇ, ಮಿತಿಯೊಳಗಿದ್ದರೆ ಮಾತ್ರ ರಿಯಾಯಿತಿ ಎಂದಿತು ಕೋರ್ಟು. 1939ರಲ್ಲಿ ಗೆದ್ದ ಪತ್ರಿಕೆಗೆ ಎಂಬತ್ತಮೂರು ವರ್ಷಗಳ ಮೇಲೆ ಹುಬ್ಬಳ್ಳಿಯವರು ಕಂಡ ಅನುಭವವೇ ಆಯಿತು.

2025ರ ಬಜೆಟ್ ಸಣ್ಣವರ ಕಡೆ ಸ್ವಲ್ಪ ಕಣ್ಣುಬಿಟ್ಟಿತು. ಹಿಂದಿನ ಎರಡು ವರ್ಷಗಳಲ್ಲಿ ಆದಾಯ ಐದು ಕೋಟಿ ಮೀರದ ಟ್ರಸ್ಟ್‌ಗೆ ನೋಂದಣಿ ಐದರ ಬದಲು ಹತ್ತು ವರ್ಷ. ಮೊದಲ ಐದು ವರ್ಷದ ನೋಂದಣಿ ಮುಗಿಯುವುದು 2026ರ ಮಾರ್ಚ್ 31ಕ್ಕೆ ಆದರೂ, ಆರು ತಿಂಗಳು ಮೊದಲೇ, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ ನವೀಕರಣಕ್ಕೆ ಅರ್ಜಿ ಹಾಕಬೇಕಿತ್ತು. ಆ ನೋಂದಣಿ ಮುಗಿದ ಮರುದಿನ, 2026ರ ಏಪ್ರಿಲ್ 1ರಿಂದ, 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಅಲ್ಲಿ ಟ್ರಸ್ಟ್‌ಗಳಿಗೆ ಪ್ರತ್ಯೇಕ ಭಾಗ ಕಟ್ಟಿಕೊಟ್ಟಿದ್ದಾರೆ, ಸೆಕ್ಷನ್ 332ರಿಂದ 355ರವರೆಗೆ. ಚದುರಿದ್ದೆಲ್ಲ ಒಂದೆಡೆ ಸಿಗುತ್ತದೆಂಬುದು ಒಳ್ಳೆಯದೇ. ದಾನಕ್ಕೆ ತೆರಿಗೆ ರಿಯಾಯಿತಿ ಕೊಡುತ್ತ ದಾನಿಗಳ ಬಾಯಲ್ಲಿ ಇಷ್ಟು ವರ್ಷ ನಲಿದ 80ಜಿ ಸೆಕ್ಷನ್ ಹೊಸ ಕಾಯ್ದೆಯಲ್ಲಿ ಸೆಕ್ಷನ್ 133. ಹಳೆಯ ಸಂಖ್ಯೆ ಅಚ್ಚು ಹಾಕಿಸಿದ ರಸೀದಿ ಪುಸ್ತಕಗಳು ಕಟ್ಟುಕಟ್ಟಾಗಿ ಬೀರುವಿನಲ್ಲಿ ಉಳಿದಿರುವ ಟ್ರಸ್ಟ್‌ಗಳು ಬೇಕಾದಷ್ಟಿವೆ, ಮುಂದಿನ ಸಭೆಯಲ್ಲಿ ಅದಕ್ಕೂ ಒಂದು ಠರಾವು ಬೇಕಾಗುತ್ತದೆ.