ಓದಿದ ದಾರಿ, ಉಳಿಸಿಕೊಂಡ ಪುಟ

ಬಾನುಲಿಯಲ್ಲಿ ಹೇಳಿಕೊಡಲು ಬಾರದ ವಿದ್ಯೆಗಳು ಹಲವಿವೆ. ಗಣಕಯಂತ್ರದ ಬಳಕೆಯೂ ಅವುಗಳಲ್ಲೊಂದೆಂದು ಮೇಲುನೋಟಕ್ಕೆ ತೋರುವುದು ಸಹಜ. ಮೌಸನ್ನು ಹಿಡಿದು ಕೆಲಸ ಮಾಡುವವರಿಗೆ ನಾವು ಹೇಳುವುದೆಲ್ಲ ‘ಇಲ್ಲಿ ಒತ್ತಿ, ಅಲ್ಲಿ ಮೂಲೆಯಲ್ಲಿರುವ ನಕ್ಷತ್ರವನ್ನು ಮುಟ್ಟಿ’ ಎಂಬ ಧಾಟಿಯ ಮಾತು. ಎದುರಿಗೆ ಪರದೆಯಿಲ್ಲದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಕೀಲಿಮಣೆಯ ಆಜ್ಞೆ ಹಾಗಲ್ಲ. ‘ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಡಿ ಅಕ್ಷರವನ್ನು ಒತ್ತಿರಿ’ ಎಂದರೆ ಮಾತು ಅಲ್ಲಿಗೆ ಪೂರ್ಣವಾಯಿತು. ಕಣ್ಣಿನ ನೆರವಿಲ್ಲದೆ ಕಿವಿಯಿಂದ ನೇರವಾಗಿ ಬೆರಳಿಗೆ ಇಳಿಯಬಲ್ಲ ವಿದ್ಯೆ ಅದು. ಅಂತರಜಾಲದಲ್ಲಿ ಓದಿದ್ದನ್ನು ಗುರುತಿಟ್ಟುಕೊಳ್ಳುವ, ಮರಳಿ ಹುಡುಕುವ, ಬೇಡವಾದಾಗ ಅಳಿಸುವ ಬಗೆಯನ್ನು ಈ ಆಜ್ಞೆಗಳ ಮೂಲಕವೇ ವಿವರಿಸಲು ನಾನು ಹೊರಟಿರುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇನೆ.

ಜಾಲದ ಪುಟಗಳನ್ನು ತಂದು ನಮ್ಮೆದುರು ತೆರೆದಿಡುವ ಬ್ರೌಸರ್ ಎಂಬ ತಂತ್ರಾಂಶಕ್ಕೆ ಎರಡು ಬಗೆಯ ನೆನಪುಗಳಿವೆ. ಒಂದು ಇತಿಹಾಸ. ಇದು ಚಿತ್ರಗುಪ್ತನ ಲೆಕ್ಕ. ನಾವು ಕೇಳಲಿ, ಬಿಡಲಿ, ಯಾವ ಪುಟವನ್ನು ಯಾವ ಗಳಿಗೆಯಲ್ಲಿ ತೆರೆದೆವೆಂಬುದನ್ನು ತಾನಾಗಿ ಬರೆದುಕೊಳ್ಳುತ್ತದೆ. ಮತ್ತೊಂದು ಪುಟಗುರುತು. ಓದುತ್ತಿದ್ದ ಪುಸ್ತಕದ ನಡುವೆ ನವಿಲುಗರಿಯನ್ನಿಟ್ಟಂತೆ, ಇದು ಓದುಗನು ಬೇಕೆಂದೇ ಇಟ್ಟದ್ದು. ಒಂದು ಯಂತ್ರದ ಅಭ್ಯಾಸ, ಇನ್ನೊಂದು ಮನುಷ್ಯನ ಆಯ್ಕೆ. ಈ ಭೇದವನ್ನು ಅರಿಯದವರು ‘ಎಲ್ಲ ಅದರಲ್ಲೇ ಇರುತ್ತದೆ ಬಿಡಿ’ ಎಂದು ಇತಿಹಾಸವನ್ನೇ ನಂಬಿ ಕುಳಿತಿರುತ್ತಾರೆ. ಆದರೆ ಕ್ರೋಮ್ ಬ್ರೌಸರಿನ ಇತಿಹಾಸದ ಪಟ್ಟಿ ತೋರಿಸುವುದು ಕಳೆದ 90 ದಿನಗಳನ್ನು ಮಾತ್ರ. ಯುಗಾದಿಗೆ ಓದಿದ ಲೇಖನವನ್ನು ದೀಪಾವಳಿಗೆ ಅಲ್ಲಿ ಹುಡುಕಿದರೆ ಸಿಕ್ಕದು.

ಈ ಎರಡನ್ನೂ ಬೆಸೆದ ಒಂದು ಕನಸು ಗಣಕಗಳು ಮನೆಗೆ ಬರುವುದಕ್ಕೆ ಬಹಳ ಹಿಂದೆಯೇ ಇತ್ತು. ಅಮೆರಿಕದ ವಿಜ್ಞಾನಿ ವ್ಯಾನೆವರ್ ಬುಷ್ 1945ರ ಜುಲೈ ತಿಂಗಳಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆಗೆ ಬರೆದ ಲೇಖನದಲ್ಲಿ ‘ಮೆಮೆಕ್ಸ್’ ಎಂಬ ಮೇಜನ್ನು ಕಲ್ಪಿಸಿದರು. ಒಬ್ಬನ ಪುಸ್ತಕ, ಪತ್ರ, ಟಿಪ್ಪಣಿಗಳೆಲ್ಲ ಅದರೊಳಗಿನ ಸೂಕ್ಷ್ಮಚಿತ್ರಗಳಲ್ಲಿ ಅಡಗಿರುತ್ತವೆ. ಕೀಲಿಮಣೆಯ ಮೇಲೆ ಸಂಕೇತವನ್ನು ಒತ್ತಿದರೆ ಬೇಕಾದ ಪುಟ ಮೇಲೆದ್ದು ಬರುತ್ತದೆ. ಓದುಗನು ಒಂದು ಪುಟವನ್ನು ಇನ್ನೊಂದಕ್ಕೆ ಕಟ್ಟುತ್ತ ಸಾಗಬಹುದು, ಹಾಗೆ ಮೂಡಿದ ಜಾಡನ್ನು ವರ್ಷಗಳ ಅನಂತರವೂ ಗೆಳೆಯನಿಗೆ ತೋರಿಸಬಹುದು. ತುರ್ಕರ ಗಿಡ್ಡಬಿಲ್ಲು ಇಂಗ್ಲಿಷರ ಉದ್ದಬಿಲ್ಲಿಗಿಂತ ಹೇಗೆ ಮಿಗಿಲಾಯಿತೆಂದು ಹುಡುಕುವ ಒಬ್ಬ ಓದುಗನನ್ನು ಬುಷ್ ಉದಾಹರಣೆಯಾಗಿ ಕೊಟ್ಟಿದ್ದಾರೆ. ಆ ಮೇಜು ತಯಾರಾಗಲಿಲ್ಲ. 1990ರ ದಶಕದಲ್ಲಿ ಬ್ರೌಸರುಗಳು ಬಂದಾಗ ಆ ಜಾಡು ಎರಡು ಹೋಳಾಯಿತು: ನಡೆದ ದಾರಿಯನ್ನು ಯಂತ್ರ ಇಟ್ಟುಕೊಂಡಿತು, ನಿಂತ ತಾಣಗಳು ನಮ್ಮ ಪಾಲಿಗೆ ಉಳಿದವು. ಅವೆರಡನ್ನು ಮತ್ತೆ ಹೊಂದಿಸಿಕೊಳ್ಳುವ ಕೆಲಸ ಈಗ ಓದುಗನದೇ.

ಮೊದಲು ಗುರುತಿಡುವ ಬಗೆ. ಕಂಟ್ರೋಲ್ ಮತ್ತು ಡಿ ಒತ್ತಿದರೆ ಒಂದು ಚಿಕ್ಕ ಚೌಕ ತೆರೆಯುತ್ತದೆ. ಅದರಲ್ಲಿ ಪುಟದ ಹೆಸರು ಮೊದಲೇ ತುಂಬಿರುತ್ತದೆ. ಹೆಚ್ಚಿನವರು ಅಲ್ಲಿಯೇ ಎಂಟರ್ ಒತ್ತಿ ಮುಗಿಸುತ್ತಾರೆ. ಒಂದು ಕ್ಷಣ ತಡೆಯಬೇಕೆಂಬುದು ನನ್ನ ಸಲಹೆ. ತಾಣದವರು ಕೊಟ್ಟ ಹೆಸರು ಎಷ್ಟೋ ಸಲ ‘ಮುಖಪುಟ’ ಎಂದೋ, ಅರ್ಥವಾಗದ ಅಂಕಿಯ ಸಾಲೆಂದೋ ಇರುತ್ತದೆ. ಅದನ್ನು ಅಳಿಸಿ, ಆರು ತಿಂಗಳ ಅನಂತರ ನಮಗೆ ಯಾವ ಮಾತು ನೆನಪಾದೀತೋ ಅದನ್ನು ಕನ್ನಡದಲ್ಲಿಯೇ ಬರೆದಿಡಬೇಕು. ಮನೆಯ ಡಬ್ಬಗಳಿಗೆ ಚೀಟಿ ಅಂಟಿಸುವ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಟ್ಟದ್ದನ್ನು ಹುಡುಕಲು ಪಟ್ಟಿಯನ್ನು ಜಾಲಾಡಬೇಕಾಗಿಲ್ಲ. ಕಂಟ್ರೋಲ್ ಮತ್ತು ಎಲ್ ಒತ್ತಿದರೆ ವಿಳಾಸದ ಪಟ್ಟಿಗೆ ಹೋಗುತ್ತೇವೆ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಅಲ್ಲಿ ಒಂದು ನಕ್ಷತ್ರ ಚಿಹ್ನೆ, ಒಂದು ತೆರಪು, ಅನಂತರ ಹುಡುಕುವ ಪದ ಬರೆದರೆ ಪುಟಗುರುತುಗಳಲ್ಲಿ ಮಾತ್ರ ಹುಡುಕುತ್ತದೆ. ನಕ್ಷತ್ರದ ಬದಲು ಮೇಲ್ಮುಖದ ಬಾಣದ ತುದಿಯಂಥ ಚಿಹ್ನೆಯನ್ನಿಟ್ಟರೆ ಇತಿಹಾಸದಲ್ಲಿ ಮಾತ್ರ. ಕ್ರೋಮಿನಲ್ಲಿಯಾದರೆ ‘ಅಟ್’ ಚಿಹ್ನೆಯೊಡನೆ ಬುಕ್‌ಮಾರ್ಕ್ಸ್ ಅಥವಾ ಹಿಸ್ಟರಿ ಎಂಬ ಇಂಗ್ಲಿಷ್ ಪದವನ್ನು ಬರೆದು ಟ್ಯಾಬ್ ಕೀಲಿಯನ್ನು ಒತ್ತಬೇಕು. ಕನ್ನಡದವರಿಗೆ ಇಲ್ಲೊಂದು ಸಣ್ಣ ತೊಡಕುಂಟು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಬರೆಯುತ್ತಿರುವಾಗ ನಕ್ಷತ್ರದ ಕೀಲಿ ‘ಶ್ರ’ ಎಂಬ ಅಕ್ಷರವನ್ನೂ ಬಾಣದ ಕೀಲಿ ‘ತ್ರ’ವನ್ನೂ ಕೊಡುತ್ತವೆ. ಚಿಹ್ನೆಯ ಮಟ್ಟಿಗೆ ಇಂಗ್ಲಿಷಿಗೆ ಹೋಗಿ ಪದಕ್ಕೆ ಕನ್ನಡಕ್ಕೆ ಮರಳಬೇಕು.

ಒಂದನ್ನು ಮರೆಯಲಾಗದು: ಪುಟಗುರುತು ವಿಳಾಸವೇ ಹೊರತು ಪುಟವಲ್ಲ. 2009ರಲ್ಲಿ ಯಾಹೂ ಸಂಸ್ಥೆ ಜಿಯೋಸಿಟೀಸ್ ಎಂಬ ತನ್ನ ಸೇವೆಯನ್ನು ಮುಚ್ಚಿದಾಗ ಅಲ್ಲಿ ಜನ ಕಟ್ಟಿಕೊಂಡಿದ್ದ ಪುಟಗಳ ಗುರುತುಗಳೆಲ್ಲ ಮನೆಯಿಲ್ಲದ ಬಾಗಿಲ ಸಂಖ್ಯೆಗಳಾದವು. ಕಳೆದುಕೊಳ್ಳಲಾಗದ ಬರೆಹವಾದರೆ ಕಂಟ್ರೋಲ್ ಮತ್ತು ಎಸ್ ಒತ್ತಿ ಪ್ರತಿಯನ್ನೇ ಇಳಿಸಿಕೊಳ್ಳುವುದು ಲೇಸು.

ನಾನು ಹೇಳುತ್ತೇನೆಂದಿದ್ದ ಇನ್ನೊಂದು ಕಾರಣ ಇದು. ದೃಷ್ಟಿಯಿಲ್ಲದ ಓದುಗರಿಗೆ ಮೌಸಿನಿಂದ ಪ್ರಯೋಜನವಿಲ್ಲ. ಪರದೆಯ ಮೇಲಿನ ಬಾಣ ಎಲ್ಲಿದೆಯೆಂದು ಕಾಣದವರು ಅದನ್ನು ಎಲ್ಲಿಗೆ ಒಯ್ದಾರು? ಅವರು ಓದುವುದು ಪರದೆಯ ಬರೆಹವನ್ನು ಧ್ವನಿಯಾಗಿಸುವ ತಂತ್ರಾಂಶಗಳ ಮೂಲಕ. ಅಂಥವುಗಳಲ್ಲಿ ಉಚಿತವಾಗಿ ದೊರೆಯುವ ‘ಎನ್‌ವಿಡಿಎ’ಯನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯದ ಮೈಕೆಲ್ ಕರನ್ ಸ್ವತಃ ಅಂಧರು. ಅದರೊಡನೆ ಬರುವ ಈಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಂತ್ರದ್ದೇ, ಆದರೂ ಕನ್ನಡ. ಅವರ ಕಿವಿಗೆ ಒಂದು ಪುಟ ಸಾಲುಸಾಲಾಗಿ ಬರುವುದರಿಂದ, ಕಳೆದುಹೋದ ಪುಟವನ್ನು ಕಣ್ಣಾಡಿಸಿ ಹುಡುಕುವ ಸೌಲಭ್ಯ ಅವರಿಗಿಲ್ಲ. ನಮಗೆ ಅನುಕೂಲವೆನಿಸುವ ಕೀಲಿಯ ಆಜ್ಞೆ ಅವರಿಗೆ ಗ್ರಂಥಾಲಯದ ಬಾಗಿಲೇ ಆಗಿದೆ.

ಇನ್ನು ಇತಿಹಾಸ. ಆಲ್ಟ್ ಮತ್ತು ಎಡಬಾಣ ಒತ್ತಿದರೆ ಹಿಂದಿನ ಪುಟ, ಬಲಬಾಣ ಒತ್ತಿದರೆ ಮುಂದಿನದು. ಇದನ್ನೇ ಇತಿಹಾಸವೆಂದು ಭಾವಿಸುವವರುಂಟು. ಆದರೆ ಮೂರು ಪುಟ ಹಿಂದಕ್ಕೆ ಬಂದು, ಅಲ್ಲಿಂದ ಬೇರೆ ಕೊಂಡಿಯನ್ನು ಹಿಡಿದು ಹೊರಟರೆ, ಬಿಟ್ಟು ಬಂದ ಮೂರು ಪುಟಗಳಿಗೆ ಬಲಬಾಣದ ದಾರಿ ಮುಚ್ಚಿಹೋಗುತ್ತದೆ. ಕವಲುದಾರಿಯಲ್ಲಿ ಒಂದನ್ನೇ ನೆನಪಿಡುವ ಮರೆಗುಳಿ ಅದು. ಆ ಪುಟಗಳು ಹಾಳಾಗಿರುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಒತ್ತಿ ತೆರೆಯುವ ಪೂರ್ಣ ಪಟ್ಟಿಯಲ್ಲಿರುತ್ತವೆ. ಕೈತಪ್ಪಿ ಮುಚ್ಚಿದ ಪುಟವನ್ನು ಮರಳಿ ತರುವುದು ಕಂಟ್ರೋಲ್, ಶಿಫ್ಟ್ ಮತ್ತು ಟಿ.

ಇತಿಹಾಸವನ್ನು ಅಳಿಸುವ ಪ್ರಶ್ನೆ ಹಗುರವಾದುದಲ್ಲ. ಇಡೀ ಮನೆಗೆ ಒಂದೇ ಗಣಕವಿರುವಲ್ಲಿ ಆ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು. ರೋಗವೊಂದರ ಶಂಕೆಯಿಂದ ಓದಿದವನು, ಗಂಡನ ಹೊಡೆತದಿಂದ ಪಾರಾಗುವ ದಾರಿಯನ್ನು ಹುಡುಕಿದವಳು — ಇವರ ಪಾಲಿಗೆ ಯಂತ್ರದ ನಿಷ್ಠಾವಂತ ನೆನಪು ಚಾಡಿಕೋರನಾಗಬಹುದು. ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒತ್ತಿದರೆ ಅಳಿಸುವ ಚೌಕ ತೆರೆಯುತ್ತದೆ. ಕೊನೆಯ ಒಂದು ಗಂಟೆಯದೇ, ಎಲ್ಲವೂ ಆಗಬೇಕೇ ಎಂದು ಕೇಳುತ್ತದೆ. ಆದರೆ ಸಂಶಯದ ಕಣ್ಣುಗಳಿರುವಲ್ಲಿ ಬರಿದಾದ ಪಟ್ಟಿಯೂ ಒಂದು ಸುಳಿವೇ. ಅಂಥಲ್ಲಿ ಎಲ್ಲವನ್ನೂ ಒರೆಸುವುದಕ್ಕಿಂತ, ಇತಿಹಾಸದ ಪಟ್ಟಿಯಲ್ಲಿ ಆ ಒಂದು ಸಾಲನ್ನು ಆರಿಸಿ ಡಿಲೀಟ್ ಒತ್ತುವುದು ಜಾಣತನ. ವಿಳಾಸದ ಪಟ್ಟಿಯಲ್ಲಿ ತಾನಾಗಿ ಮೂಡುವ ಹಳೆಯ ಸಾಲಿಗೆ ಶಿಫ್ಟ್ ಮತ್ತು ಡಿಲೀಟ್. ನೆನಪಿಡಬೇಕಾದ್ದು: ಇದರಿಂದ ಅಳಿಯುವುದು ಈ ಬ್ರೌಸರಿನ ದಾಖಲೆ ಮಾತ್ರ, ಜಾಲಸಂಪರ್ಕ ಒದಗಿಸುವವರ ಬಳಿಯ ಲೆಕ್ಕ ನಮ್ಮ ಕೀಲಿಗೆ ಸಿಗದು.

ಇತಿಹಾಸವನ್ನೇ ಬರೆದುಕೊಳ್ಳದ ಖಾಸಗಿ ಕಿಟಕಿಯೂ ಇದೆ. ಫೈರ್‌ಫಾಕ್ಸಿನಲ್ಲಿ ಅದಕ್ಕೆ ಕಂಟ್ರೋಲ್, ಶಿಫ್ಟ್, ಪಿ. ಕ್ರೋಮಿನಲ್ಲಿ ಪಿ ಬದಲು ಎನ್. ಆದರೆ ಆ ಕಿಟಕಿಯಲ್ಲಿದ್ದುಕೊಂಡು ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಡಿ ಒತ್ತಿ ಇಟ್ಟ ಗುರುತು ಮಾತ್ರ ಕಿಟಕಿ ಮುಚ್ಚಿದ ಮೇಲೂ ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಉಳಿದೇ ಇರುತ್ತದೆ.