ಧ್ವನಿವರ್ಧಕದ ತಂತಿ: ಯಾವುದಕ್ಕೆ ಬೆಲೆ ತೆರಬೇಕು?

ಸಂಕ್ರಾಂತಿಯ ಮೈಲಾಪುರ ಮಲ್ಲಯ್ಯನ ಜಾತ್ರೆ, ತಿಂಥಣಿ ಮೌನೇಶ್ವರನ ಜಾತ್ರೆ, ಬೇಸಿಗೆಯ ಮದುವೆಗಳು, ಮೊಹರಂ, ಗಣೇಶೋತ್ಸವ – ಯಾದಗಿರಿ ಜಿಲ್ಲೆಯಲ್ಲಿ ಧ್ವನಿವರ್ಧಕಗಳಿಗೆ ಬಿಡುವಿರುವ ತಿಂಗಳು ಕಡಿಮೆ. ಶಹಾಪುರ, ಸುರಪುರಗಳಲ್ಲಿ ಶಾಮಿಯಾನ ಮತ್ತು ಮೈಕ್‌ಸೆಟ್ ಬಾಡಿಗೆಗೆ ಕೊಡುವವರಿಗೂ, ಅವರಿಗೆ ಸಾಮಗ್ರಿ ಒದಗಿಸುವ ವಿದ್ಯುತ್ ಸಾಮಾನಿನ ಅಂಗಡಿಗಳಿಗೂ ಇದೇ ಜೀವನಾಧಾರ. ಆದರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಕೊಳ್ಳುವಾಗ ಹತ್ತು ಕಡೆ ವಿಚಾರಿಸುವವರು, ಅವೆರಡನ್ನು ಜೋಡಿಸುವ ತಂತಿಯನ್ನು ಕೊನೆಗೆ ಉಳಿದ ಹಣದಲ್ಲಿ ಕೊಳ್ಳುತ್ತಾರೆ. ಕೆಲವರು ಅತಿ ಅಗ್ಗದ ತಂತಿ ತಂದು ಧ್ವನಿಯನ್ನು ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಹೊದಿಕೆಯ ಮೇಲಿನ ಆಕರ್ಷಕ ಬರಹಕ್ಕೆ ಮರುಳಾಗಿ ಹಲವು ಪಟ್ಟು ಬೆಲೆ ತೆರುತ್ತಾರೆ. ಇಬ್ಬರಿಗೂ ನಷ್ಟವೇ.

ಲೆಕ್ಕ ಸರಳವಾದುದು

ತಂತಿಯ ಆಯ್ಕೆಯಲ್ಲಿ ಮುಖ್ಯವಾದುದು ಒಂದೇ ಗುಣ: ವಿದ್ಯುತ್ತಿಗೆ ಅದು ಒಡ್ಡುವ ರೋಧ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಅಂಗಡಿಯಲ್ಲಿ ‘ಎರಡೂವರೆ ಎಂ.ಎಂ. ವೈರು’ ಎಂದು ಕೇಳುವಾಗ ಅದು ತಂತಿಯ ವ್ಯಾಸವಲ್ಲ, 2.5 ಚದರ ಮಿಲಿಮೀಟರ್ ಅಡ್ಡಛೇದ ಎಂಬುದನ್ನು ಗಮನಿಸಬೇಕು. ಹಳೆಯ ವರ್ತಕರ ‘40/76’ ಎಂಬ ಮಾತಿಗೆ 0.0076 ಅಂಗುಲ ದಪ್ಪದ 40 ಎಳೆಗಳು ಎಂದರ್ಥ. ಅದು ಒಂದು ಚದರ ಮಿಲಿಮೀಟರಿಗೆ ತುಸು ಹೆಚ್ಚು.

ಬಾಗುವ ತಾಮ್ರದ ತಂತಿಗೆ ಮಾನಕಗಳು ಒಪ್ಪಿರುವ ಗರಿಷ್ಠ ರೋಧ ಪ್ರತಿ ಕಿಲೋಮೀಟರಿಗೆ 1 ಚದರ ಮಿ.ಮೀ.ಗೆ 19.5 ಓಮ್, 1.5ಕ್ಕೆ 13.3, 2.5ಕ್ಕೆ 7.98, 4ಕ್ಕೆ 4.95 ಓಮ್. ವೇದಿಕೆಯ ಪಕ್ಕದ ಆಂಪ್ಲಿಫೈಯರಿನಿಂದ 30 ಮೀಟರ್ ದೂರದ ಸ್ಪೀಕರಿಗೆ ತಂತಿ ಎಳೆದರೆ ಹೋಗಿ ಬರುವ ಉದ್ದ 60 ಮೀಟರ್. 1 ಚದರ ಮಿ.ಮೀ. ತಂತಿಯಲ್ಲಿ ಇದರ ರೋಧ 1.17 ಓಮ್. 8 ಓಮ್‌ನ ಒಂದು ಪೆಟ್ಟಿಗೆಗೆ ತಲುಪಬೇಕಾದ ಶಕ್ತಿಯಲ್ಲಿ ಶೇ. 24ರಷ್ಟು ಕಡಿಮೆಯಾಗುತ್ತದೆ. ಅದೇ ತಂತಿಗೆ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಹೊರೆ 4 ಓಮ್‌ಗೆ ಇಳಿದು, ಕೊರತೆ ಶೇ. 40ಕ್ಕೆ ಏರುತ್ತದೆ. 2.5ರ ತಂತಿಯಾದರೆ ಈ ಕೊರತೆಗಳು ಕ್ರಮವಾಗಿ ಶೇ. 11 ಮತ್ತು ಶೇ. 20 ಮಾತ್ರ. ತಂತಿಯ ರೋಧ ಸ್ಪೀಕರಿನ ಓಮ್‌ನ ಶೇ. 5ನ್ನು ಮೀರದಂತೆ ನೋಡಿಕೊಳ್ಳುವುದು ರೂಢಿಯ ನಿಯಮ. ಬಿಸಿಲು ಏರಿದಂತೆ ತಾಮ್ರದ ರೋಧವೂ ಏರುತ್ತದೆ. 20 ಡಿಗ್ರಿಯಲ್ಲಿ ಅಳೆದುದಕ್ಕಿಂತ 45 ಡಿಗ್ರಿಯಲ್ಲಿ ಅದು ಸುಮಾರು ಶೇ. 10 ಹೆಚ್ಚು. ನಮ್ಮ ಭಾಗದ ಬೇಸಿಗೆಗೆ ಈ ಅಂತರವನ್ನು ಇಟ್ಟುಕೊಂಡೇ ಲೆಕ್ಕ ಹಾಕುವುದು ಲೇಸು.

ಮನೆಯ ಮಾತು ಬೇರೆ. ಮೂರು ಮೀಟರ್ ದೂರದ 8 ಓಮ್ ಸ್ಪೀಕರಿಗೆ 1 ಚದರ ಮಿ.ಮೀ. ತಂತಿಯಲ್ಲಿ ಆಗುವ ಕೊರತೆ ಶೇ. 3ರಷ್ಟು, ಕಿವಿ ಅದನ್ನು ಗುರುತಿಸಲಾರದು. ಮನೆಬಳಕೆಯ ಗಿರಾಕಿಗೆ ದುಬಾರಿ ತಂತಿ ಮಾರುವ ವ್ಯಾಪಾರಿಯು ಅವನಿಗೆ ಯಾವ ಉಪಕಾರವನ್ನೂ ಮಾಡಿದಂತಾಗುವುದಿಲ್ಲ.

ಪ್ರಚಾರ ಮತ್ತು ಪರೀಕ್ಷೆ

ಸ್ಪೀಕರಿಗೆಂದೇ ವಿಶೇಷ ತಂತಿ ಬೇಕೆಂಬ ವ್ಯಾಪಾರವು ಅಮೆರಿಕದಲ್ಲಿ 1970ರ ದಶಕದ ಕೊನೆಯಲ್ಲಿ ಬಲಗೊಂಡಿತು. 1983ರಲ್ಲಿ ಅಲ್ಲಿನ ‘ಸ್ಟೀರಿಯೋ ರಿವ್ಯೂ’ ಪತ್ರಿಕೆಯು ದುಬಾರಿ ತಂತಿಯನ್ನು ಸಾಮಾನ್ಯ ದೀಪದ ತಂತಿಯೊಡನೆ ಹೋಲಿಸಿ ಕೇಳಿಸುವ ಪರೀಕ್ಷೆ ನಡೆಸಿತು. ಧ್ವನಿಯ ಮಟ್ಟವನ್ನು ಸಮಗೊಳಿಸಿ ಸಂಗೀತ ಕೇಳಿಸಿದಾಗ, ಸಾಕಷ್ಟು ದಪ್ಪವಿದ್ದ ಸಾಮಾನ್ಯ ತಂತಿಗೂ ದುಬಾರಿ ತಂತಿಗೂ ಇರುವ ವ್ಯತ್ಯಾಸವನ್ನು ಕೇಳುಗರು ನಂಬಲರ್ಹವಾಗಿ ಗುರುತಿಸಲಿಲ್ಲ.

‘ಆಮ್ಲಜನಕರಹಿತ ತಾಮ್ರ’ ಎಂಬ ಬರಹದ ವಿಷಯವೂ ಹೀಗೆಯೇ. ಸಾಮಾನ್ಯ ವಿದ್ಯುತ್ ತಂತಿಯ ತಾಮ್ರವೇ ಶೇ. 99.9ರಷ್ಟು ಶುದ್ಧ. ಆಮ್ಲಜನಕ ತೆಗೆದುದರಿಂದ ವಾಹಕತೆಯಲ್ಲಿ ಆಗುವ ಲಾಭ ಶೇ. 1ರ ಆಸುಪಾಸು. ತಂತಿಯನ್ನು ಒಂದಳತೆ ದಪ್ಪ ಕೊಂಡರೆ ಅದಕ್ಕಿಂತ ಎಷ್ಟೋ ಹೆಚ್ಚು ಲಾಭವಿದೆ.

ತಾಮ್ರದ ವೇಷದ ಅಲ್ಯೂಮಿನಿಯಂ

ನಿಜವಾದ ಅಪಾಯವಿರುವುದು ಬೇರೆಡೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಕೊಟ್ಟ ತಂತಿ ಮಾರುಕಟ್ಟೆಯಲ್ಲಿದೆ. ‘ಸಿ.ಸಿ.ಎ.’ ಎಂದು ನಮೂದಿಸಿ ಮಾರಿದರೆ ಅದು ತಪ್ಪಲ್ಲ; ತಾಮ್ರವೆಂದು ಮಾರಿದರೆ ವಂಚನೆ. ಇದರ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು, 2.5ರ ತಾಮ್ರದ ಕೆಲಸಕ್ಕೆ ಇದರಲ್ಲಿ 4ರ ತಂತಿ ಬೇಕು. ದಿನವೂ ಸುತ್ತಿ ಬಿಚ್ಚುವ ಬಾಡಿಗೆ ಕೆಲಸದಲ್ಲಿ ಎಳೆಗಳು ಬೇಗ ತುಂಡಾಗುತ್ತವೆ, ತುದಿಗಳು ಆಕ್ಸೈಡ್ ಹಿಡಿದು ಸಂಪರ್ಕ ಸಡಿಲವಾಗುತ್ತದೆ. ಮದುವೆಯ ಮಧ್ಯದಲ್ಲಿ ಧ್ವನಿ ನಿಂತರೆ ಆ ದಿನದ ಬಾಡಿಗೆಯಷ್ಟೇ ಅಲ್ಲ, ಮುಂದಿನ ವರ್ಷದ ಗಿರಾಕಿಯೂ ಹೋದಂತೆ.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೋ ಹೈದರಾಬಾದಿನ ಕೋಠಿಗೋ ಸರಕು ತರಲು ಹೋಗುವ ವರ್ತಕರಿಗೆ ತಕ್ಕಡಿಯೇ ಉತ್ತಮ ಪರೀಕ್ಷಕ. 90 ಮೀಟರಿನ 2.5ರ ಒಂಟಿ ತಂತಿಯ ಸುರುಳಿಯಲ್ಲಿ ತಾಮ್ರವೇ 2 ಕಿಲೋಗ್ರಾಂ ಸಮೀಪ ಇರಬೇಕು; ಲೇಪದ ತಂತಿಯಾದರೆ ಲೋಹದ ತೂಕ ಒಂದು ಕಿಲೋಗ್ರಾಮನ್ನೂ ಮುಟ್ಟದು. ಎಳೆಯೊಂದನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಹೊರಗೆ ಬಿಳುಪಿದ್ದು ಒಳಗೆ ಕೆಂಪಗಿದ್ದರೆ ಅದು ತವರ ಲೇಪಿಸಿದ ತಾಮ್ರ, ಅದಕ್ಕೆ ಅಂಜಬೇಕಿಲ್ಲ. ಐ.ಎಸ್. 694 ಮಾನಕದ ಐ.ಎಸ್.ಐ. ಗುರುತಿರುವ ಬಾಗುವ ತಾಮ್ರದ ತಂತಿಯೇ ಸ್ಪೀಕರಿಗೂ ಸಾಲುತ್ತದೆ.

ದೂರದ ಹಾರ್ನ್‌ಗಳಿಗೆ 100 ವೋಲ್ಟ್ ಮಾರ್ಗ

ಜಾತ್ರೆಯ ಬಯಲಿನಲ್ಲಿ 200 ಮೀಟರ್ ಆಚೆಗೆ ಹಾರ್ನ್ ಕಟ್ಟುವಾಗ ದಪ್ಪ ತಂತಿ ಹುಡುಕುವುದು ವ್ಯರ್ಥ ಖರ್ಚು. ಸಾರ್ವಜನಿಕ ಪ್ರಸಾರದ ಹಲವು ಆಂಪ್ಲಿಫೈಯರುಗಳಲ್ಲಿ 4, 8, 16 ಓಮ್‌ಗಳ ಜೊತೆಗೆ 100 ವೋಲ್ಟ್ ನಿರ್ಗಮವೂ ಇರುತ್ತದೆ. ಅದಕ್ಕೆ ಹಾರ್ನ್ ಬಳಿ ಲೈನ್ ಟ್ರಾನ್ಸ್‌ಫಾರ್ಮರ್ ಜೋಡಿಸಿದರೆ, 20 ವಾಟ್‌ನ ಒಂದು ಹಾರ್ನ್ ಆಂಪ್ಲಿಫೈಯರಿಗೆ 500 ಓಮ್ ಹೊರೆಯಾಗಿ ಕಾಣುತ್ತದೆ. 1 ಚದರ ಮಿ.ಮೀ. ತಂತಿಯಲ್ಲಿ ಹೋಗಿ ಬರುವ 400 ಮೀಟರಿನ ರೋಧ 7.8 ಓಮ್, ಅಂದರೆ ಹೊರೆಯ ಶೇ. 2ಕ್ಕಿಂತ ಕಡಿಮೆ. ಆದರೆ 100 ವೋಲ್ಟ್ ಆಘಾತ ನೀಡಬಲ್ಲದು. ತೆರೆದ ಗಂಟುಗಳು ಸಲ್ಲವು.

ಸ್ಥಳೀಯ ತಯಾರಿಕೆಗೆ ಅವಕಾಶ

ಸಿದ್ಧ ಕೇಬಲ್‌ಗಳನ್ನು ಶಹಾಪುರದಲ್ಲಿಯೇ ತಯಾರಿಸಲು ದೊಡ್ಡ ಯಂತ್ರ ಬೇಕಿಲ್ಲ. ಜೋಡಿ ಎಳೆಯ ತಂತಿ, ಸ್ಪೀಕಾನ್ ಅಥವಾ ಬನಾನಾ ಪಿನ್ನು, ಬೆಸುಗೆ ಉಪಕರಣ, ಬಿಸಿಗೆ ಕುಗ್ಗುವ ಕೊಳವೆ ಮತ್ತು ಮಲ್ಟಿಮೀಟರ್ ಇದ್ದರೆ ಸಾಕು. ಧನ, ಋಣ ಧ್ರುವಗಳು ಎರಡೂ ತುದಿಯಲ್ಲಿ ಹೊಂದಬೇಕು. ಒಂದು ಪೆಟ್ಟಿಗೆ ತಿರುಗುಮುರುಗಾದರೆ ಮಂದ್ರಧ್ವನಿ ಕುಗ್ಗುತ್ತದೆ. ರೋಧ ಅಳೆಯುವಾಗ ಮೀಟರಿನ ಕಡ್ಡಿಗಳನ್ನು ಮೊದಲು ಪರಸ್ಪರ ಮುಟ್ಟಿಸಿ, ಬಂದ ಅಂಕಿಯನ್ನು ಕಳೆಯಬೇಕು. ಮನೆಯ ವಿದ್ಯುತ್ತಿನ ಪ್ಲಗ್ಗನ್ನು ಸ್ಪೀಕರ್ ಕೇಬಲಿಗೆ ಎಂದಿಗೂ ಜೋಡಿಸಕೂಡದು. ತಿಳಿಯದವರು ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಪ್ರಾಣಕ್ಕೇ ಸಂಚಕಾರ.

ಪೊಟ್ಟಣದಲ್ಲಿ ಕಟ್ಟಿ ಮಾರುವವರು 2011ರ ಪೊಟ್ಟಣೀಕೃತ ಸರಕುಗಳ ನಿಯಮಗಳಂತೆ ತಯಾರಕರ ಹೆಸರು-ವಿಳಾಸ, ಉದ್ದ, ತಯಾರಿಕೆಯ ತಿಂಗಳು ಮತ್ತು ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸಬೇಕು. ಅದರೊಡನೆ ಲೋಹ ಯಾವುದು, ಅಡ್ಡಛೇದ ಎಷ್ಟು, ಅಳೆದ ರೋಧ ಎಷ್ಟು ಎಂಬ ಮೂರು ಸಾಲುಗಳನ್ನು ಸೇರಿಸುವ ತಯಾರಕನು ತನ್ನ ಸರಕನ್ನು ಬೇರೆ ಪ್ರಚಾರವಿಲ್ಲದೆ ಮಾರಬಲ್ಲನು. ಗಿರಾಕಿಯು ಬೆಲೆ ತೆರಬೇಕಾದುದು ತಾಮ್ರದ ತೂಕಕ್ಕೆ ಮತ್ತು ಬಿಗಿಯಾದ ಜೋಡಣೆಗೆ. ವರ್ತಕನು ಲಾಭ ಪಡೆಯಬೇಕಾದುದೂ ಅವುಗಳಿಂದಲೇ.